ಖಾಲಿ ಜಾಗದ ಉಸಾಬರಿ

ಕೋಡ್ ಬರೆಯದೆ ವೆಬ್‌ಸೈಟ್ ಕಟ್ಟಲು ಬಳಸುವ ವೆಬ್‌ಸೈಟ್ ಬಿಲ್ಡರ್‌ನಲ್ಲಿ ಪುಟ ಜೋಡಿಸುವುದು ಅಂದರೆ ಬರಹ, ಫೋಟೋ, ಬಟನ್‌ಗಳನ್ನು ಎಳೆದು ತಂದು ಇಡುವುದು ಅಂತ ನೋಡುವವರ ಲೆಕ್ಕ. ಅದು ಬೇಗ ಮುಗಿದುಹೋಗುತ್ತದೆ. ಉಳಿದ ಹೊತ್ತೆಲ್ಲ ಹೋಗುವುದು ಖಾಲಿ ಜಾಗಕ್ಕೆ. ಇಲ್ಲಿ ಒಂಚೂರು ಜಾಸ್ತಿ ಆಯ್ತು, ಅಲ್ಲಿ ಇನ್ನೂ ಸ್ವಲ್ಪ ಬೇಕು, ಈ ಸೆಕ್ಷನ್‌ಗೂ ಆ ಸೆಕ್ಷನ್‌ಗೂ ನಡುವೆ ಇಷ್ಟು ದೊಡ್ಡ ಕಂದಕ ಎಲ್ಲಿಂದ ಬಂತು?

ಆ ಕಂದಕ ಯಾರದ್ದು ಅಂತ ಕಂಡುಹಿಡಿಯುವುದೇ ಒಂದು ಕೆಲಸ. ಸೆಕ್ಷನ್ ಒಳಗೆ ರೋ (ಅಡ್ಡಸಾಲು), ರೋ ಒಳಗೆ ಕಾಲಂ, ಕಾಲಂ ಒಳಗೆ ಬರಹ, ಫೋಟೋದಂಥ ಬ್ಲಾಕ್. ಎಲ್ಲಕ್ಕೂ ಅಂಚಿನ ಒಳಗಡೆ ಬಿಡುವ ಜಾಗ ಪ್ಯಾಡಿಂಗ್, ಹೊರಗಡೆ ಬಿಡುವುದು ಮಾರ್ಜಿನ್. ದಾಯಾದಿಗಳ ಹೊಲದ ನಡುವಿನ ಬದುವಿನ ಹಾಗೆ, ನೋಡಿದರೆ ಯಾರಿಗೆ ಸೇರಿದ್ದು ಅಂತ ಗೊತ್ತಾಗುವುದಿಲ್ಲ. ಅನುಮಾನ ಬಂದ ಸೆಕ್ಷನ್‌ಗೆ ಕಣ್ಣು ಕುಕ್ಕುವ ಕೆಂಪು ಹಿನ್ನೆಲೆ ಹಾಕಿ ನೋಡುವುದು ನನ್ನ ರೂಢಿ. ಕೆಂಪು ಹರಡಿದಷ್ಟೂ ಅದರ ಒಳಗಿನ ಜಾಗ. ಅದರಾಚೆಗೂ ಬಿಳಿ ಉಳಿದರೆ ಅದು ಮಾರ್ಜಿನ್, ಅಥವಾ ಪಕ್ಕದವರ ಕಿತಾಪತಿ. ಕೆಲಸ ಆದಮೇಲೆ ಕೆಂಪು ತೆಗೆಯಬೇಕು, ಅಷ್ಟೇ.

ಮಾರ್ಜಿನ್‌ನ ಗಣಿತವೇ ಬೇರೆ. ಮೇಲಿನ ಬ್ಲಾಕ್ ತನ್ನ ಕೆಳಗೆ 30 ಪಿಕ್ಸೆಲ್ ಕೇಳುತ್ತದೆ, ಕೆಳಗಿನದು ತನ್ನ ಮೇಲೆ 20 ಕೇಳುತ್ತದೆ. ಒಟ್ಟು 50 ಅಲ್ವಾ? ಅಲ್ಲ, 30. ದೊಡ್ಡದು ಉಳಿಯುತ್ತದೆ, ಚಿಕ್ಕದು ಅದರಲ್ಲೇ ಕರಗಿಹೋಗುತ್ತದೆ. ಪ್ಯಾರಾಗಳ ನಡುವೆ ಅಂತರ ಸುಮ್ನೆ ದುಪ್ಪಟ್ಟಾಗದಿರಲಿ ಅಂತ ಪುಟದ ಅಂದ, ಅಳತೆ ಹೇಳುವ ಭಾಷೆಯಾದ ಸಿಎಸ್‌ಎಸ್ ಮಾಡಿಕೊಂಡ ಏರ್ಪಾಡು ಇದು. ಅವೇ ಎರಡು ಬ್ಲಾಕ್‌ಗಳನ್ನು ಫ್ಲೆಕ್ಸ್ ಕಂಟೇನರ್ (ಒಳಗಿನವನ್ನು ತನ್ನದೇ ನಿಯಮದಲ್ಲಿ ಜೋಡಿಸುವ ಡಬ್ಬಿ) ಒಳಗೆ ಒಂದರ ಕೆಳಗೊಂದು ಇಟ್ಟರೆ ಮಾತ್ರ ಅಂತರ 50 ಆಗಿಬಿಡುತ್ತದೆ! ಬ್ಲಾಕ್ ಅದೇ, ಸಂಖ್ಯೆ ಅದೇ, ಕೂತ ಮನೆ ಬದಲಾಯಿತು.

ಈ ಗೋಳು ಹೊಸದೇನಲ್ಲ. 1990ರ ದಶಕದಲ್ಲಿ ಪುಟಗಳನ್ನು ಟೇಬಲ್‌ಗಳಿಂದ, ಅಂದರೆ ಕೋಷ್ಟಕದ ಚೌಕಗಳಿಂದ ಕಟ್ಟುತ್ತಿದ್ದರು. ಜಾಗ ಬಿಡಬೇಕಾದ ಕಡೆ ಒಂದು ಪಿಕ್ಸೆಲ್‌ನ ಪಾರದರ್ಶಕ ಜಿಫ್ ಚಿತ್ರ ಇಟ್ಟು, ಅದನ್ನೇ ಬೇಕಾದಷ್ಟು ಉದ್ದಗಲ ಹಿಗ್ಗಿಸುತ್ತಿದ್ದರು. ಅಂದರೆ ಏನೂ ಇಲ್ಲ ಅಂತ ತೋರಿಸಲಿಕ್ಕೂ ಒಂದು ಫೈಲ್ ಡೌನ್‌ಲೋಡ್ ಆಗಬೇಕಿತ್ತು. ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲೇ ಬಂದರೂ ಆ ಜಿಫ್ ಬೇಗ ಸಾಯಲಿಲ್ಲ. ಇವತ್ತಿಗೂ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನಲ್ಲಿ ಬರೀ ಜಾಗ ಬಿಡಲಿಕ್ಕೆ ‘ಸ್ಪೇಸರ್’ ಅಂತ ಬ್ಲಾಕ್ ಇದೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಒಬ್ಬರು ಇಟ್ಟ ಸ್ಪೇಸರ್ ಕಾಣದೆ ಇನ್ನೊಬ್ಬರು ಅದರ ಕೆಳಗೆ ಮತ್ತೊಂದು ಇಡುತ್ತಾರೆ. ಜಾಗ ಸಾಲದು ಅನ್ನಿಸಿದಾಗ ಮೂರನೆಯದು.

ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಯಿತು ಅನ್ನುವಾಗ ಮೊಬೈಲ್ ಪ್ರಿವ್ಯೂ ಒತ್ತಿ ನೋಡಿ. ಮೊದಲ ಸೆಕ್ಷನ್‌ನಲ್ಲಿ ಎಡಕ್ಕೆ ಫೋಟೋ, ಬಲಕ್ಕೆ ಬರಹ. ಎರಡನೆಯದರಲ್ಲಿ ಎಡಕ್ಕೆ ಬರಹ, ಬಲಕ್ಕೆ ಫೋಟೋ. ಅಗಲ ಪರದೆಯಲ್ಲಿ ಅಂಕುಡೊಂಕಾಗಿ ಚೆಂದ ಕಾಣುತ್ತದೆ. ಪರದೆ ಕಿರಿದಾದಾಗ ಕಾಲಂಗಳು ಒಂದರ ಕೆಳಗೊಂದು ಇಳಿಯುತ್ತವೆ: ಫೋಟೋ, ಬರಹ, ಬರಹ, ಫೋಟೋ. ನಡುವಿನ ಎರಡು ಬರಹಗಳು ಒಂದಕ್ಕೊಂದು ಅಂಟಿಕೊಂಡು, ಯಾವ ಮಾತು ಯಾವ ಫೋಟೋದ್ದು ಅಂತ ಓದುವವರು ಊಹಿಸಬೇಕು. ಎರಡನೆಯ ಸೆಕ್ಷನ್‌ಗೆ ಮೊಬೈಲ್‌ನಲ್ಲಿ ಮಾತ್ರ ಕಾಲಂಗಳ ಕ್ರಮ ತಿರುಗಿಸಬೇಕು. ಆ ಆಯ್ಕೆ ಎಷ್ಟೋ ಬಿಲ್ಡರ್‌ಗಳಲ್ಲಿ ಇರುತ್ತದೆ, ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ.

ಇನ್ನು ನಮ್ಮ ಅಕ್ಷರಗಳು. ಟೆಂಪ್ಲೇಟ್ (ಮೊದಲೇ ಸಿದ್ಧ ಮಾಡಿಟ್ಟ ಪುಟದ ಮಾದರಿ) ಮಾಡಿದವರು ಇಂಗ್ಲಿಷ್ ಶೀರ್ಷಿಕೆ ಇಟ್ಟುಕೊಂಡು ಸಾಲಿನ ಅಂತರ ಬಿಗಿ ಮಾಡಿರುತ್ತಾರೆ. ಅಲ್ಲಿಗೆ ‘ಸ್ತ್ರೀ’ ಅಂತ ಬರೆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ. ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು. ಇದು ರುಚಿಯ ಮಾತಲ್ಲ, ಒತ್ತು ಕೂರಲು ಬೇಕಾದ ಜಾಗ.

ಇಷ್ಟೆಲ್ಲ ಹೊಂದಿಸಿ ತೋರಿಸಿದರೆ ಪುಟದ ಯಜಮಾನರು ಪರದೆಯ ಮೇಲೆ ಬೆರಳಿಟ್ಟು, “ಇಲ್ಲಿ ಖಾಲಿ ಖಾಲಿ ಕಾಣ್ತಾ ಇದೆಯಲ್ಲ, ಒಂದು ಸ್ಲೈಡರ್ ಹಾಕೋಣ್ವಾ?” ಅನ್ನುತ್ತಾರೆ. ಸ್ಲೈಡರ್ ಅಂದರೆ ಒಂದಾದ ಮೇಲೊಂದು ಸರಿಯುವ ಫೋಟೋಗಳ ಸಾಲು. ಹಾಕಬಹುದು. ಸ್ಲೈಡರ್‌ಗೂ ಸುತ್ತ ನಾಲ್ಕು ಕಡೆ ಜಾಗ ಬಿಡಬೇಕು. ಮೊಬೈಲ್‌ಗೆ ಬೇರೆ.