ಥ್ರಿಲ್ಲರ್‌ಗಳಿಗೆ ಕೊನೆಯ ತಿರುವಿನ ಗೀಳು ಹಿಡಿದಿದೆಯೇ? ಪರ-ವಿರೋಧ

ಪರ: ಹಿಡಿದಿದೆ
(ಕೊಡಗಿನ ಪೊನ್ನಂಪೇಟೆಯಿಂದ)

ಹೌದು, ಹಿಡಿದಿದೆ. ಜೋರಾಗಿಯೇ ಹಿಡಿದಿದೆ. ಯಾವುದೇ ಹೊಸ ಕ್ರೈಮ್ ಕಾದಂಬರಿ ಕೈಗೆತ್ತಿಕೊಳ್ಳಿ, ಮುಖಪುಟದ ಮೇಲೇ ಅಚ್ಚಾಗಿರುತ್ತದೆ, ಯಾರೂ ಊಹಿಸಲಾಗದ ತಿರುವು ಕೊನೆಗೆ ಕಾದಿದೆ ಅಂತ. ಅದನ್ನು ನೋಡಿದ ಮೇಲೆ ನಾನು ಕಥೆ ಓದುವುದಿಲ್ಲ, ಮೋಸ ಎಲ್ಲಿದೆ ಎಂದು ಹುಡುಕುತ್ತಾ ಕೂರುತ್ತೇನೆ. ಹೆಂಡತಿ ಒಳ್ಳೆಯವಳಾಗಿ ಕಂಡರೆ ಅವಳೇ ಇರಬೇಕು. ಪಕ್ಕದ ಮನೆಯವನು ಸಹಾಯಕ್ಕೆ ಬಂದರೆ ಅವನೇ ಇರಬೇಕು. ಒಂದು ಪಾತ್ರದ ಮೇಲೂ ಪ್ರೀತಿ ಹುಟ್ಟಲು ಬಿಡುವುದಿಲ್ಲ ಈ ಪುಸ್ತಕಗಳು.

ಇದು ಥ್ರಿಲ್ಲರ್ ಅಂದರೆ ಮೂಗು ಮುರಿಯುವವನ ಮಾತಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣ್ಣು ಎಳೆಯುತ್ತಿದ್ದರೂ ಮಲಗುವ ಮುಂಚೆ ನನಗೆ ಒಂದು ಕೊಲೆ ಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಫೋನಿನ ಚಾರ್ಜ್ ಮುಗಿಯುವವರೆಗೂ ಓದುತ್ತೇನೆ. ಇಷ್ಟಪಟ್ಟು ಓದುವವನಿಗೆ ಬರುವ ಸಿಟ್ಟು ಇದು.

ನನ್ನ ಅಳತೆ ಒಂದೇ. ಎರಡನೇ ಸಲ ಓದಲು ಆಗುತ್ತದಾ? ಅಲೆಕ್ಸ್ ಮೈಕಲೀಡಿಸ್ ಬರೆದ 'ದಿ ಸೈಲೆಂಟ್ ಪೇಷೆಂಟ್' 2019ರಲ್ಲಿ ಬಂತು. ಅಲಿಸಿಯಾ ಎಂಬ ಚಿತ್ರಕಲಾವಿದೆ ಗಂಡನಿಗೆ ಗುಂಡು ಹೊಡೆಯುತ್ತಾಳೆ, ಆಮೇಲೆ ಒಂದು ಮಾತೂ ಆಡುವುದಿಲ್ಲ. ಎಂಥ ಆರಂಭ! ಮೊದಲ ಸಲ ನಾನೂ ಪುಸ್ತಕ ಕೆಳಗಿಡಲಿಲ್ಲ. ಕೊನೆ ಗೊತ್ತಾದ ಮೇಲೆ ಮತ್ತೆ ತೆಗೆದರೆ ಒಳಗೆ ಏನೂ ಉಳಿದಿರಲಿಲ್ಲ. ಆ ಹೆಂಗಸಿನ ಮೌನ ಅಷ್ಟು ದೊಡ್ಡ ವಿಷಯ, ಅದರ ನೋವಿನ ಬಗ್ಗೆಯೇ ಇಡೀ ಪುಸ್ತಕ ಬರೆಯಬಹುದಿತ್ತು. ಇಲ್ಲಿ ಅದು ಕೊನೆಯ ಗುಟ್ಟು ಮೊದಲೇ ಹೊರಬೀಳದಂತೆ ಕಾಯುವುದಕ್ಕೆ ಮಾತ್ರ ಇದೆ.

ತಿರುವೇ ಬೇಡ ಎಂದು ನಾನು ಹೇಳುತ್ತಿಲ್ಲ. ಜಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' (2012) ನೋಡಿ. ಅಲ್ಲಿ ದೊಡ್ಡ ತಿರುವು ಇರುವುದು ಪುಸ್ತಕದ ನಡುವೆ. ಅದು ಬಂದ ಮೇಲೆ ಇನ್ನೂ ಅರ್ಧ ಪುಸ್ತಕ ಇದೆ. ಗುಟ್ಟು ರಟ್ಟಾದ ಮೇಲೆ ಆ ಗಂಡ ಹೆಂಡತಿ ಹೇಗೆ ಬದುಕುತ್ತಾರೆ ಎಂಬುದೇ ನಿಜವಾದ ಭಯ. ಆದರೆ ಅದು ಗೆದ್ದ ಮೇಲೆ ಬಂದವರು ಏನು ಕಲಿತರು? ಹೆಸರಲ್ಲಿ 'ಗರ್ಲ್' ಇರಬೇಕು, ಕಥೆ ಹೇಳುವವರು ಸುಳ್ಳು ಹೇಳುತ್ತಿರಬೇಕು, ಅಷ್ಟೇ ಕಲಿತರು. ಚಿಕೋರಿ ಸ್ವಲ್ಪ ಇದ್ದರೆ ಕಾಫಿಗೆ ಒಂದು ಗಟ್ಟಿತನ ಬರುತ್ತದೆ. ಈಗ ಲೋಟದ ತುಂಬಾ ಚಿಕೋರಿಯೇ.

ಇದಕ್ಕೆ ಉತ್ತರ ಜಪಾನಿನಿಂದ ಯಾವಾಗಲೋ ಬಂದಿದೆ. ಕೀಗೊ ಹಿಗಾಶಿನೊ 2005ರಲ್ಲಿ ಬರೆದ 'ದಿ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್' ಅಲ್ಲಿನ ದೊಡ್ಡ ಗೌರವವಾದ ನವೋಕಿ ಪ್ರಶಸ್ತಿ ಪಡೆಯಿತು, 2011ರಲ್ಲಿ ಇಂಗ್ಲಿಷಿಗೆ ಬಂತು. ಮೊದಲ ಅಧ್ಯಾಯದಲ್ಲೇ ಕೊಲೆ ನಮ್ಮ ಕಣ್ಣೆದುರು ನಡೆಯುತ್ತದೆ. ಯಾರು ಕೊಂದರು, ಯಾಕೆ ಕೊಂದರು, ಎರಡೂ ಗೊತ್ತು. ಕೊಂದ ಹೆಂಗಸನ್ನು ಕಾಪಾಡಲು ಪಕ್ಕದ ಮನೆಯ ಗಣಿತದ ಮೇಷ್ಟ್ರು ನಿಲ್ಲುತ್ತಾನೆ. ಪೊಲೀಸರ ಕಡೆಗೆ ಅವನ ಹಳೆಯ ಗೆಳೆಯನೊಬ್ಬ, ಭೌತಶಾಸ್ತ್ರದವನು. ಈ ಇಬ್ಬರು ಬುದ್ಧಿವಂತರ ನಡುವಿನ ಜಗ್ಗಾಟವನ್ನು ನಾನು ಎಷ್ಟು ಸಲ ಬೇಕಾದರೂ ಓದುತ್ತೇನೆ. ಅದರ ಕೊನೆಯಲ್ಲೂ ತಿರುವಿದೆ ಅಲ್ವಾ ಎಂದು ಎದುರು ಪಕ್ಷದವರು ಖಂಡಿತ ಕೇಳುತ್ತಾರೆ. ಅದನ್ನು ಓದಿ ಕಣ್ಣಲ್ಲಿ ನೀರು ಬಂದವರು ಅದನ್ನು ತಿರುವು ಅನ್ನುವುದಿಲ್ಲ. ಮುಂದೆ ಹೋಗೋಣ.

ನಮ್ಮ ಊರಿನ ಓದುಗರಿಗೆ ನಾನು ಮೊದಲು ಕೊಡುವ ಪುಸ್ತಕ ಜೇನ್ ಹಾರ್ಪರ್ ಅವರ 'ದಿ ಡ್ರೈ' (2016). ಆಸ್ಟ್ರೇಲಿಯಾದ ಒಂದು ಸಣ್ಣ ಊರು, ಮಳೆ ಇಲ್ಲದೆ ಸೊರಗಿದೆ. ಒಬ್ಬ ರೈತ, ಅವನ ಹೆಂಡತಿ, ಮಗ ಗುಂಡೇಟಿನಿಂದ ಸತ್ತಿದ್ದಾರೆ, ಕೂಸೊಂದು ಉಳಿದಿದೆ. ಅವನೇ ಮನೆಯವರನ್ನು ಕೊಂದು ತಾನೂ ಗುಂಡು ಹೊಡೆದುಕೊಂಡ ಎಂದು ಊರೆಲ್ಲ ನಂಬಿದೆ. ಅಲ್ಲೊಂದು ಸುಳಿವು ಬರುತ್ತದೆ, ಬಳಕೆಯಾದ ತೋಟಾ ಆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಬ್ರಾಂಡಿನದ್ದಲ್ಲ. ಅದನ್ನು ಓದಿ ನಾನು ಎದ್ದು ಕುಳಿತೆ. ಕೊಡಗಿನಲ್ಲಿ ಯಾರನ್ನು ಕೇಳಿದರೂ ಮೊದಲು ತೋಟಾದ ಬಗ್ಗೆಯೇ ವಿಚಾರಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೂ) ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಇದೆ, ಅದನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ಆಯುಧಗಳ ಹಬ್ಬವಾದ ಕೈಲ್‌ಪೊದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳು ನಮ್ಮವು. ಕೋವಿಗೆ ಎಣ್ಣೆ ಹಚ್ಚಿ ಒರೆಸುತ್ತಾ ಬೆಳೆದವರಿಗೆ, ಒಂಟಿ ನಳಿಕೆ ಕೋವಿಯಿಂದ ತುಂಬಿಸದೆ ಎರಡು ಗುಂಡು ಹಾರಿಸುವ ಕಥೆಗಾರರನ್ನು ಓದುವುದು ಎಷ್ಟು ಕಷ್ಟ ಗೊತ್ತಾ? ಹಾರ್ಪರ್ ಅವರಿಗೆ ತನ್ನ ಊರು ಗೊತ್ತು, ಬರಗಾಲ ಗೊತ್ತು, ಸಾಲ ಗೊತ್ತು, ಹಳೆಯ ಅನುಮಾನವೊಂದನ್ನು ಒಂದು ಊರು ವರ್ಷಗಟ್ಟಲೆ ಹೇಗೆ ಹೊತ್ತುಕೊಂಡಿರುತ್ತದೆ ಎಂಬುದು ಗೊತ್ತು. ಕೊಲೆಗಾರ ಯಾರು ಎಂದು ತಿಳಿದ ಮೇಲೂ ಆ ಊರಿಗೆ ವಾಪಸು ಹೋಗಬೇಕು ಅನಿಸುತ್ತದೆ.

ಬೆಂಗಳೂರನ್ನು ಹೀಗೆ ಬರೆದವರು ಅನಿತಾ ನಾಯರ್. 'ಕಟ್ ಲೈಕ್ ವೂಂಡ್' (2012) ಶಿವಾಜಿನಗರದಲ್ಲಿ ಶುರುವಾಗುತ್ತದೆ, ಆಮೇಲೆ 'ಚೈನ್ ಆಫ್ ಕಸ್ಟಡಿ' ಬಂತು, 'ಹಾಟ್ ಸ್ಟೇಜ್' ಬಂತು. ನಾನು ಈ ಪುಸ್ತಕಗಳಿಗೆ ಮರಳಿ ಹೋಗುವುದು ಅವುಗಳ ಇನ್ಸ್‌ಪೆಕ್ಟರ್ ಬೋರೇಗೌಡರಿಗಾಗಿ. ವಯಸ್ಸಾಗುತ್ತಿದೆ, ಇಲಾಖೆಯಲ್ಲಿ ಹೇಳಿಕೊಳ್ಳುವ ಹೆಸರಿಲ್ಲ, ಆದರೆ ಹಿಡಿದ ಕೇಸನ್ನು ಬಿಡುವವರಲ್ಲ. ಯಾವ ಪುಸ್ತಕದಲ್ಲಿ ಕೊನೆಗೆ ಏನಾಯಿತು ಎಂಬುದು ನನಗೆ ಅರ್ಧ ಮರೆತಿದೆ, ಗೌಡರನ್ನು ಮರೆತಿಲ್ಲ.

ಟಾನಾ ಫ್ರೆಂಚ್ ಅವರ 'ಇನ್ ದಿ ವುಡ್ಸ್' (2007) ಇನ್ನೂ ಮುಂದೆ ಹೋಗುತ್ತದೆ. ಮೂವರು ಮಕ್ಕಳು ಕಾಡಿಗೆ ಆಡಲು ಹೋಗುತ್ತಾರೆ, ಒಬ್ಬನೇ ಸಿಗುತ್ತಾನೆ. ಅವನೇ ದೊಡ್ಡವನಾಗಿ ಪತ್ತೇದಾರನಾದರೂ ಆ ಹಳೆಯ ಗುಟ್ಟು ಬಿಡಿಸದೆ ಉಳಿಯುತ್ತದೆ. ತುಂಬಾ ಜನ ಇದಕ್ಕೆ ಬೈದರು. ದೇವರಕಾಡಿನ ಪಕ್ಕ ಬೆಳೆದ ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ.

ಇನ್ನು ಕೊಡಗನ್ನೇ ಇಟ್ಟುಕೊಂಡು ಬರೆಯುವವರ ವಿಷಯ. ನಾನು ಓದಿದ ಇಂಥ ಕಥೆಗಳಲ್ಲಿ ಮಂಜು, ಹೋಮ್‌ಸ್ಟೇ, ನಗರದಿಂದ ಬಂದ ನಾಲ್ಕು ಜೋಡಿ, ಒಬ್ಬ ಮಾತಾಡದ ಎಸ್ಟೇಟ್ ಮಾಲೀಕ, ಅಷ್ಟೇ ಇರುತ್ತದೆ. ಕೊನೆಗೆ ಮಾಲೀಕನಲ್ಲ, ಅಡುಗೆಯವನು. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಯಾರಿದ್ದಾರೆ, ಅಸ್ಸಾಮಿನಿಂದ ಬಂದ ಕಾರ್ಮಿಕರನ್ನು ಪೊಲೀಸರು ಮೊದಲು ಹೇಗೆ ನೋಡುತ್ತಾರೆ, ಒಣಗಲು ಹಾಕಿದ ಕರಿಮೆಣಸು ರಾತ್ರೋರಾತ್ರಿ ಎಲ್ಲಿ ಹೋಗುತ್ತದೆ, ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಾಗದ ಪಾಲಿನ ಜಗಳ ಅಣ್ಣತಮ್ಮಂದಿರನ್ನು ಎಲ್ಲಿಗೆ ತರುತ್ತದೆ, ಇದ್ಯಾವುದೂ ಇಲ್ಲ. ನಮ್ಮಂಥ ಊರಲ್ಲಿ ಏನಾದರೂ ನಡೆದರೆ ಯಾರು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತದೆ. ಯಾಕೆ ಎಂಬುದಕ್ಕೆ ಅವರ ತಾತಂದಿರ ಕಾಲಕ್ಕೆ ಹೋಗಬೇಕು. ಆ ಕಾದಂಬರಿಯನ್ನು ಯಾರಾದರೂ ಬರೆಯಲಿ ಎಂದು ಕಾಯುತ್ತಿದ್ದೇನೆ. ತಿರುವು ಬೇಕೇ ಬೇಕು ಎನ್ನುವವರು ಅಂಗಡಿಯಲ್ಲಿ ಕೊನೆಯ ಪುಟ ಓದಿ ಮನೆಗೆ ಹೋಗಬಹುದು, ಅವರಿಗೆ ಬೇಕಾದದ್ದು ಅಷ್ಟೇ ತಾನೇ.

ವಿರೋಧ: ಗೀಳು ಎನ್ನುವುದು ಜಾಸ್ತಿಯಾಯಿತು
(ಮಡಿಕೇರಿಯಿಂದ)

ವಿರೋಧದ ಪಾಲು ನನಗೆ ಬಂದಿದೆ, ಹಾಗಾಗಿ ಬರೆಯುತ್ತಿದ್ದೇನೆ. ಮುಖಪುಟದ ಜಾಹೀರಾತುಗಳ ಬಗ್ಗೆ ನನಗೂ ಬೇಸರವಿದೆ. ಹೋಮ್‌ಸ್ಟೇ ಕಥೆಗಳ ಬಗ್ಗೆ ಅವರು ಹೇಳಿದ್ದನ್ನೂ ಒಪ್ಪುತ್ತೇನೆ. ಆದರೂ ತಿರುವಿನ ಪರವಾಗಿ ಹೇಳಬೇಕಾದದ್ದು ಇದೆ.

ಮೊದಲನೆಯದು, ಇದು ಈಗ ಹಿಡಿದ ಗೀಳಲ್ಲ. ಅಗಾಥಾ ಕ್ರಿಸ್ಟಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬರೆದದ್ದು 1926ರಲ್ಲಿ. ಆಗಲೂ ಇದು ಓದುಗರಿಗೆ ಮಾಡಿದ ಮೋಸ ಎಂದವರಿದ್ದರು. 2013ರಲ್ಲಿ ಬ್ರಿಟನ್ನಿನ ಕ್ರೈಮ್ ಬರಹಗಾರರ ಸಂಘದವರು ಮತ ಹಾಕಿ ಅದನ್ನೇ ಎಲ್ಲಕ್ಕಿಂತ ಒಳ್ಳೆಯ ಕ್ರೈಮ್ ಕಾದಂಬರಿ ಎಂದು ಆರಿಸಿದರು. ಅದನ್ನು ಎರಡನೇ ಸಲ ಓದಿದರೆ ಇನ್ನೂ ಚೆಂದ, ಯಾವ ವಾಕ್ಯದಲ್ಲಿ ಏನು ಬಚ್ಚಿಟ್ಟಿದ್ದಾರೆ ಎಂದು ಕಾಣುತ್ತದೆ.

ಕನ್ನಡದಲ್ಲೂ ಹಾಗೇ. ಎನ್. ನರಸಿಂಹಯ್ಯ ಅವರು ನಾಲ್ಕನೇ ತರಗತಿವರೆಗೆ ಓದಿದವರು, ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಮುಂದೇನಾಗುತ್ತದೆ ಎಂಬ ಕುತೂಹಲಕ್ಕೇ ಓದುವ ಅಭ್ಯಾಸ ಹಿಡಿಸಿಕೊಂಡವರು ನಮ್ಮ ಹಿರಿಯರಲ್ಲಿ ಎಷ್ಟೋ ಜನ. ಈಗ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರು ಇತಿಹಾಸವನ್ನೇ ಪತ್ತೇದಾರಿಕೆ ಮಾಡಿ ಬರೆಯುತ್ತಾರೆ, ಅಡಿಟಿಪ್ಪಣಿ ಸಮೇತ. 'ಬಳ್ಳಿಕಾಳ ಬೆಳ್ಳಿ'ಯಲ್ಲಿ ಗೇರುಸೊಪ್ಪೆಯ ಕರಿಮೆಣಸಿನ ರಾಣಿ ಚೆನ್ನಭೈರಾದೇವಿ ಬರುತ್ತಾಳೆ. ಮೆಣಸು ಬೆಳೆಯುವ ನಮ್ಮವರು ಓದಬೇಕಾದ ಪುಸ್ತಕ. ಇತಿಹಾಸದ ಪಾಠ ಎಂದು ಕೊಟ್ಟರೆ ಯಾರು ಮುಟ್ಟುತ್ತಾರೆ?

ನನಗೆ ತಿರುವಿನ ಬೆಲೆ ಗೊತ್ತಾಗಿದ್ದು ಮಾತ್ರ 2018ರ ಆಗಸ್ಟಿನಲ್ಲಿ. ಆ ವಾರ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಜಾರಿತು. ಮಕ್ಕಂದೂರು ಕಡೆಯಿದ್ದ ನಮ್ಮ ಚಿಕ್ಕಮ್ಮನ ಮನೆ ನಿಂತಿತ್ತು, ತೋಟ ಹೋಗಿತ್ತು. ಉಟ್ಟ ಬಟ್ಟೆಯಲ್ಲೇ ನಮ್ಮ ಮನೆಗೆ ಬಂದರು. ಹಗಲು ಹೇಗೋ ಕಳೆಯುತ್ತಿತ್ತು, ಬಂದು ಹೋಗುವವರು, ಫೋನು, ಪರಿಹಾರದ ಅರ್ಜಿ. ರಾತ್ರಿ ಶೀಟಿನ ಮೇಲೆ ಮಳೆ ಬಿದ್ದರೆ ಸಾಕು, ಎದ್ದು ಕೂರುತ್ತಿದ್ದರು. ಟಿವಿ ಹಾಕಿದರೆ ಅದರಲ್ಲೂ ಗುಡ್ಡ ಜಾರುವುದೇ. ನನ್ನ ಕಪಾಟಿನಲ್ಲಿ ಇದ್ದದ್ದನ್ನು ಕೊಟ್ಟೆ. ಒಳ್ಳೆಯ ಕಾದಂಬರಿಗಳನ್ನು ಮೊದಲು ಕೊಟ್ಟೆ, ನಾಲ್ಕು ಪುಟಕ್ಕೆ ಮಡಚಿಟ್ಟರು. "ಇದರಲ್ಲೂ ಕಷ್ಟವೇ ಅಲ್ವಾ ಮಗಳೇ" ಅಂದರು. ಆಮೇಲೆ ವಾರಪತ್ರಿಕೆಗಳಿಂದ ಕತ್ತರಿಸಿ ಅಮ್ಮ ಬೈಂಡ್ ಮಾಡಿಸಿದ್ದ ಹಳೇ ಪತ್ತೇದಾರಿ ಧಾರಾವಾಹಿಗಳನ್ನು ಕೊಟ್ಟೆ. ಅದನ್ನು ಹಿಡಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ, ಆ ಮ್ಯಾನೇಜರನ ಮೇಲೆ ನನಗೆ ಅನುಮಾನ, ನೋಡುತ್ತಿರು, ಎನ್ನುವರು. ಮಾರನೇ ದಿನ ಮ್ಯಾನೇಜರನೇ ಸತ್ತಿರುತ್ತಿದ್ದ. ಅಮ್ಮನಿಗೆ ಕೊನೆ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಅಕ್ಕತಂಗಿಯರಿಬ್ಬರೂ ಜಗಳವಾಡುತ್ತಿದ್ದರು, ಚಿಕ್ಕಂದಿನಲ್ಲಿ ಆಡಿದ ಹಾಗೆ. ಗುಡ್ಡದ ಸುದ್ದಿ ಇಲ್ಲದ ಮಾತು ಆ ಮನೆಯಲ್ಲಿ ಮತ್ತೆ ಶುರುವಾದದ್ದು ಹಾಗೆ. ರಾತ್ರಿ ಎದ್ದು ಕುಳಿತರೂ ಪುಸ್ತಕ ತೆಗೆಯುತ್ತಿದ್ದರು. ನಾಳೆಗೆ ಉತ್ತರ ಸಿಗುವಂಥ ಪ್ರಶ್ನೆ ಅವರ ಹತ್ತಿರ ಆಗ ಅದೊಂದೇ ಇತ್ತು. ಮನೆಗೆ ಹೋಗಬಹುದಾ, ತೋಟದ ಜಾಗ ಏನಾಗುತ್ತದೆ, ಅದಕ್ಕೆಲ್ಲ ಯಾರೂ ಉತ್ತರ ಕೊಡುತ್ತಿರಲಿಲ್ಲ. ಕೊಲೆಗಾರ ಸಿಗದೆ ಮುಗಿಯುವ ಪುಸ್ತಕವನ್ನು ಆಗ ಅವರ ಕೈಗೆ ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಈಗಲೂ ಅವರು ಓದುತ್ತಾರೆ. ಹೊಸ ಪುಸ್ತಕ ಕೊಟ್ಟರೆ ಮೊದಲು ಕೇಳುವುದು, ಕೊನೆ ಚೆನ್ನಾಗಿದೆಯಾ ಎಂದೇ. ಆದರೆ ಕೊನೆಯ ಪುಟವನ್ನು ಮೊದಲು ಓದಿದ್ದು ನಾನು ನೋಡಿಲ್ಲ.

ಪರ ಬರೆದವರು ಹೊಗಳಿದ ಜಪಾನಿ ಕಾದಂಬರಿಯ ಬಗ್ಗೆ ಒಂದು ಮಾತು. ಅದರ ಕೊನೆಯಲ್ಲಿ ತಿರುವಿದೆ, ಸಣ್ಣದಲ್ಲ. ಅವರಿಗೆ ಕಣ್ಣೀರು ಬಂದದ್ದು ಆ ತಿರುವಿನಿಂದಲೇ. ಅದನ್ನು ಮೊದಲ ಅಧ್ಯಾಯದಲ್ಲೇ ಹೇಳಿದ್ದರೆ ಗಣಿತದ ಮೇಷ್ಟ್ರು ಎಂಥವನು ಎಂಬುದು ನಮಗೆ ಅಷ್ಟು ತಟ್ಟುತ್ತಿತ್ತಾ?

ಅವರಿಗೆ ಆಂಥೊನಿ ಹೊರೊವಿಟ್ಜ್ ಅವರ 'ಮ್ಯಾಗ್‌ಪೈ ಮರ್ಡರ್ಸ್' (2016) ಶಿಫಾರಸು ಮಾಡುತ್ತೇನೆ. ಒಬ್ಬ ಸಂಪಾದಕಿಯ ಕೈಗೆ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಬರುತ್ತದೆ, ಕೊನೆಯ ಅಧ್ಯಾಯ ಇರುವುದಿಲ್ಲ, ಬರೆದವನು ಸತ್ತಿದ್ದಾನೆ. ಆಕೆ ಆ ಪುಟಗಳನ್ನು ಹುಡುಕಿಕೊಂಡು ಹೊರಡುತ್ತಾಳೆ, ಮೊದಲು ಸಿಟ್ಟಿನಿಂದ, ಆಮೇಲೆ ಭಯದಿಂದ. ಆ ಸಿಟ್ಟು ನನಗೆ ಪೂರ್ತಿ ಅರ್ಥವಾಯಿತು. 'ಇನ್ ದಿ ವುಡ್ಸ್' ಮುಗಿಸಿದ ದಿನ ನನಗೂ ಅದೇ ಬಂದಿತ್ತು, ಆ ಇಬ್ಬರು ಮಕ್ಕಳಿಗೆ ಏನಾಯಿತು ಎಂದು ಇನ್ನೂ ಕೇಳಬೇಕು ಅನಿಸುತ್ತದೆ.