ಶೇಕಡಾ 92ಕ್ಕೆ ಹೋಗುವ ಕರೆಂಟು

'ಯಾರನ್ನೂ ನಂಬಬೇಡಿ, ಬಿಟ್‌ಕಾಯಿನ್ ನೋಡ್ ತಂತ್ರಾಂಶವನ್ನು ನೀವೇ ಕಂಪೈಲ್ ಮಾಡಿಕೊಳ್ಳಿ' ಎಂದು ಉಪದೇಶಿಸುವವರು ಮಳೆಗಾಲದ ಒಂದು ಸಂಜೆ ಬನಶಂಕರಿಯ ನಮ್ಮ ಮನೆಗೆ ಬರಲಿ. (ನೋಡ್ ಎಂದರೆ ಬಿಟ್‌ಕಾಯಿನ್ ವ್ಯವಹಾರಗಳ ದಾಖಲೆಯನ್ನೆಲ್ಲ ಇಳಿಸಿಕೊಂಡು ತಾನೇ ಪರಿಶೀಲಿಸುವ ಕಂಪ್ಯೂಟರು; ಕಂಪೈಲ್ ಎಂದರೆ ಮೂಲ ಕೋಡನ್ನು ಓಡುವ ತಂತ್ರಾಂಶವಾಗಿಸುವುದು.) ಕಂಪೈಲಿಗೆ ಬೇಕಾದ ಬೂಸ್ಟ್ ಎಂಬ ಕೋಡ್ ಸಂಗ್ರಹ ಇಲ್ಲ ಎಂದು ಮೊದಲ ತಕರಾರು. ಅದನ್ನು ಹಾಕಿದರೆ ಲಿಬ್‌ಇವೆಂಟ್ ಎಂಬ ಇನ್ನೊಂದು ಸಂಗ್ರಹ ಇಲ್ಲ. ಎರಡನ್ನೂ ಒಟ್ಟಿಗೇ ಹೇಳಿದ್ದರೆ ಇದರ ಗಂಟೇನು ಹೋಗುತ್ತಿತ್ತು? ಬೇಗ ಮುಗಿಯಲೆಂದು ಎಂಟು ಕೆಲಸಗಳನ್ನು ಒಟ್ಟಿಗೆ ಓಡಿಸಿದರೆ, ನಾಲ್ಕು ಜಿಬಿ ರ್‍ಯಾಮ್ ಸಾಲದೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲೇ ಕಂಪೈಲರಿನ ಕತ್ತು ಹಿಸುಕುತ್ತದೆ. ಒಂದಕ್ಕೆ ಇಳಿಸಿದರೆ ಆಮೆ ನಡಿಗೆ.

ಅಂತೂ ಶೇಕಡಾ 92 ತಲುಪಿತು ಎನ್ನುವಾಗ ನಾಲ್ಕು ಹನಿ ಬೀಳುತ್ತದೆ, ಕರೆಂಟು ಹೋಗುತ್ತದೆ. (ಮನೆಯ ಯುಪಿಎಸ್ ಫ್ಯಾನಿಗೆ, ದೀಪಕ್ಕೆ ಮಾತ್ರ.) ಕರೆಂಟು ಬಂದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ, ನಿಜ. ಆದರೆ ಅರ್ಧಕ್ಕೆ ನಿಂತ ಆಬ್ಜೆಕ್ಟ್ ಫೈಲೊಂದು (ಕಂಪೈಲ್ ಆದ ಒಂದು ತುಣುಕು) ಶೂನ್ಯ ಬೈಟಿನದಾಗಿ ಕುಳಿತಿರುತ್ತದೆ. ಯಾವ ತುಣುಕನ್ನು ಮತ್ತೆ ಕಂಪೈಲ್ ಮಾಡಬೇಕೆಂದು ಫೈಲಿನ ಸಮಯ ನೋಡಿ ನಿರ್ಧರಿಸುವ ಮೇಕ್ ಎಂಬ ತಂತ್ರಾಂಶ, ಅದರ ಹೊಸ ಸಮಯ ನೋಡಿ ಈ ಕೆಲಸ ಮುಗಿದಿದೆ ಎಂದೇ ಬಗೆಯುತ್ತದೆ. ಬಣ್ಣ ಬಯಲಾಗುವುದು ಕೊನೆಗೆ, ತುಣುಕುಗಳನ್ನೆಲ್ಲ ಜೋಡಿಸಿ ಲಿಂಕ್ ಮಾಡುವಾಗ.

ಇದರ ನಡುವೆ ಪಕ್ಕದ ಮನೆಯವರು 'ತಿಂಗಳಿಗೆ ಎಷ್ಟು ಬರುತ್ತದೆ ಸಾರ್?' ಎಂದು ವಿಚಾರಿಸುತ್ತಾರೆ. ಬರುವುದೇನು ಸ್ವಾಮಿ, ನೋಡ್ ನಡೆಸಿದರೆ ನಯಾಪೈಸೆ ಹುಟ್ಟುವುದಿಲ್ಲ. ಮೇಲೆ ಈವರೆಗಿನ ವ್ಯವಹಾರಗಳ ದಾಖಲೆ 600 ಜಿಬಿಗೂ ಹೆಚ್ಚು ಇಳಿಸಿಕೊಳ್ಳುವುದು ಬಾಕಿ ಇದೆ.