14 ವರ್ಷ ಏನು ಮಾಡ್ತಿದ್ರಿ ಮೇಡಂ?

ಕಾಲೇಜಿನ ಅರ್ಜಿಯಲ್ಲಿ ಒಂದು ಕಾಲಂ ಇತ್ತು. 'ಓದಿನಲ್ಲಿ ಗ್ಯಾಪ್ ಇದ್ದಲ್ಲಿ ಕಾರಣ ತಿಳಿಸಿ.' ಬರೆಯಲು ಕೊಟ್ಟ ಜಾಗ ಒಂದೂವರೆ ಗೆರೆ. ನನ್ನ ಗ್ಯಾಪ್ 14 ವರ್ಷ. ಅಕ್ಷರ ಸಣ್ಣ ಮಾಡಿ, 'ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದೇನೆ' ಎಂದು ಬರೆದೆ. ಕೌಂಟರಿನಲ್ಲಿದ್ದವರು ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು.

"ಅಂದ್ರೆ ಟ್ಯೂಷನ್ನಾ ಮೇಡಂ?"

"ಅಲ್ಲ. ಮಕ್ಕಳು ಸ್ಕೂಲಿಗೆ ಹೋಗಲ್ಲ. ಮನೇಲೇ ಕಲೀತಾರೆ."

"ಓ. ಹೌಸ್‌ವೈಫ್" ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು.

ಆಗ ಸಿಟ್ಟು ಬರಲಿಲ್ಲ. ಮೂರು ದಿನ ಬಿಟ್ಟು, ಪಾತ್ರೆ ತೊಳೆಯುವಾಗ ಬಂತು. ನನಗೆ ಸಿಟ್ಟು ಯಾವಾಗಲೂ ಹೀಗೇ, ಲೇಟಾಗಿ ಬರುತ್ತದೆ.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ, ಮೊದಲು ಏನು ಓದಿದ್ದೀರಿ ಎಂದು ಕೇಳದೇ ಜನರನ್ನು ಸೇರಿಸಿಕೊಂಡಿತಂತೆ. ಪಾಠ ಬಿಬಿಸಿಯ ಟಿವಿ, ರೇಡಿಯೋದಲ್ಲಿ ಬರುತ್ತಿತ್ತು. ಇದನ್ನು ಓದಿದ ದಿನ ನನ್ನ ಕಾಲಂ ನೆನಪಾಗಿ ನಗು ಬಂತು. ನನಗಿಂತ ಇಷ್ಟು ವರ್ಷ ಮೊದಲೇ ಎಷ್ಟೋ ಅಮ್ಮಂದಿರು ಮಕ್ಕಳು ಏಳುವ ಮುಂಚೆ ಟಿವಿ ಸೌಂಡ್ ಕಮ್ಮಿ ಮಾಡಿ ಕೂತಿರಬೇಕು, ಅಲ್ವಾ? ನಾನು ಈಗ ಬೆಳಗ್ಗೆ ಐದಕ್ಕೆ ಮಾಡುವುದು ಅದನ್ನೇ. ಟಿವಿ ಬದಲು ಫೋನು, ಒಂದೇ ಕಿವಿಗೆ ಇಯರ್‌ಫೋನು. ಇನ್ನೊಂದು ಕಿವಿ ಮಕ್ಕಳ ರೂಮಿನ ಕಡೆ.

ವಿಷಯ ಮನಃಶಾಸ್ತ್ರ. ಎರಡನೇ ವರ್ಷಕ್ಕೆ ಬಿಟ್ಟಿದ್ದ ಡಿಗ್ರಿಯನ್ನು ಮೊದಲಿನಿಂದ ಮಾಡುತ್ತಿದ್ದೇನೆ. ಮಗಳಿಗೆ 12, ಮಗನಿಗೆ 8. ವಾರದಲ್ಲಿ ಎರಡು ದಿನ ಕಾಲೇಜಿಗೆ ಹೋಗಬೇಕು, ಉಳಿದದ್ದು ಆನ್‌ಲೈನ್. ಕ್ಲಾಸಿನ ಹುಡುಗಿಯರು ಮೊದಲ ವಾರ ಆಂಟಿ ಎಂದರು. ನೋಟ್ಸ್ ಕೊಟ್ಟ ಮೇಲೆ ಅಕ್ಕ ಆದೆ.

ಎಲ್ಲರೂ ಕೇಳುವುದು ಒಂದೇ. "ಹೇಗೆ ಮ್ಯಾನೇಜ್ ಮಾಡ್ತೀರಿ?" ಮಾಡಲ್ಲ ಕಣ್ರೀ. ಯಾವುದನ್ನು ಕೈಬಿಡಬೇಕು ಎಂದು ಪ್ರತಿ ಭಾನುವಾರ ಕೂತು ತೀರ್ಮಾನಿಸುತ್ತೇವೆ, ಅಷ್ಟೇ. ಈ ಸೆಮಿಸ್ಟರಿನಲ್ಲಿ ಗೋಡೆಗೆ ಅಂಟಿಸಿದ್ದ ಇತಿಹಾಸದ ಉದ್ದನೆ ಪಟ್ಟಿ ನಿಂತುಹೋಯಿತು. ಗಾಂಧೀಜಿ ಹುಟ್ಟುವ ಮುಂಚೆಯೇ ನಮ್ಮ ಗೋಡೆಯಲ್ಲಿ ಕಾಲ ಮುಗಿದಿದೆ. ಮಗನ ಓದು ಎರಡು ತಿಂಗಳು ಹಿಂದೆ ಬಿತ್ತು. ಹಾಗೇನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ ಸ್ವಲ್ಪ ದಿನ. ಆದರೆ ಬಿದ್ದದ್ದು ನಿಜ. ಗಟ್ಟಿಯಾಗಿ ಓದಿಸುವಾಗ ಅವನು ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹೆ ಮಾಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ನಾನು ನನ್ನ ಅಸೈನ್‌ಮೆಂಟಿನ ಎರಡನೇ ಪ್ಯಾರಾ ಬಗ್ಗೆ ಯೋಚಿಸುತ್ತಾ "ಹ್ಞೂಂ, ಹ್ಞೂಂ" ಎನ್ನುತ್ತಿದ್ದೆ. ಅವನು 'ಮರಳು' ಎಂಬುದನ್ನು 'ಮರ' ಎಂದು ಓದಿ ಕಥೆಯನ್ನೇ ಬೇರೆ ಕಡೆ ಒಯ್ದ. ನಾನು ಅದಕ್ಕೂ ಹ್ಞೂಂ ಎಂದೆ.

ಇದಕ್ಕೆ 'ಅಟೆನ್ಷನ್ ರೆಸಿಡ್ಯೂ' ಎಂದು ಒಂದು ಹೆಸರೂ ಇದೆ, ಪಾಠದಲ್ಲೇ ಸಿಕ್ಕಿತು. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಬರೆದದ್ದು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಗಮನದ ಒಂದು ತುಂಡು ಹಳೆಯ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಹೊಸ ಕೆಲಸಕ್ಕೆ ಸಿಗುವುದು ಮಿಕ್ಕಿದ್ದು ಮಾತ್ರ. ಸಮಯ ಕಮ್ಮಿ ಇದೆ ಎಂದು ನಾನು ವರ್ಷಗಟ್ಟಲೆ ಗೊಣಗಿದ್ದೇನೆ. ಸಮಯ ಇತ್ತು. ಚೂರುಚೂರಾಗಿ ಇತ್ತು, ಪ್ರತಿ ಚೂರಿನ ಅಂಚಿನಲ್ಲೂ ಹಿಂದಿನದರ ಗೋಂದು. ಈಗ ಒಂದು ಉಪಾಯ ಮಾಡಿದ್ದೇನೆ. ಪುಸ್ತಕ ಮುಚ್ಚುವ ಮೊದಲು 'ಮುಂದೆ ಏನು ಬರೆಯಬೇಕು' ಎಂದು ಒಂದು ಚೀಟಿಯಲ್ಲಿ ಒಂದು ಸಾಲು ಬರೆದು ಅದರೊಳಗೆ ಇಡುವುದು. ಆಮೇಲೆ ಮಕ್ಕಳ ಹತ್ತಿರ ಹೋಗುವುದು. ಹತ್ತರಲ್ಲಿ ಆರು ಸಲ ಕೆಲಸ ಮಾಡುತ್ತದೆ.

ಕೆಲಸ ಮಾಡದ ನಾಲ್ಕರಲ್ಲಿ ಒಂದು ಸಲ ಆನ್‌ಲೈನ್ ಕ್ಲಾಸಿನಲ್ಲಿ ಮೈಕ್ ಆನ್ ಇತ್ತು. ಲೆಕ್ಚರರ್ ಭಾಷೆ ಮತ್ತು ಮೆದುಳಿನ ಬಗ್ಗೆ ಗಂಭೀರವಾಗಿ ಹೇಳುತ್ತಿದ್ದರು. ನಾನು "ಮೊದ್ಲು ಅದರ ಬಾಲ ಬಿಡು! ಬಿಡ್ತೀಯೋ ಇಲ್ವೋ?" ಎಂದು ಕೂಗಿದೆ. ಬೆಕ್ಕಿನ ಬಾಲ, ಹಿಡಿದವನು ಮಗ. ಕ್ಲಾಸು ಪೂರ್ತಿ ನಿಶ್ಶಬ್ದ. ಲೆಕ್ಚರರ್ ಸ್ವಲ್ಪ ಹೊತ್ತು ಕಾದು, "ಬಿಟ್ಟನಾ?" ಎಂದು ಕೇಳಿದರು. ಅವರನ್ನು ನಾನು ಈ ಜನ್ಮದಲ್ಲಿ ಮರೆಯಲ್ಲ.

ವಾರಕ್ಕೆ ಎರಡು ಬೆಳಗ್ಗೆ ಪಾಠ ನಮ್ಮವರದ್ದು. ಅವರು ಪಾಠ ಮಾಡುವ ರೀತಿ ನನ್ನದಲ್ಲ. ನಾನು ಭಿನ್ನರಾಶಿಗೆ ಕಾಗದದ ಪಟ್ಟಿ ಮಡಚಿಸುತ್ತೇನೆ. ಮುಕ್ಕಾಲು ದೊಡ್ಡದೋ ಮೂರರಲ್ಲಿ ಎರಡು ದೊಡ್ಡದೋ ಎಂದು ಕೇಳಿ, ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ನೋಡಲು ಬಿಡುತ್ತೇನೆ. ಮೂರು ಸಮ ಭಾಗ ಮಡಚುವುದು ಸುಲಭವಲ್ಲ. ಮಗ ಐದು ಸಲ ತಪ್ಪುತ್ತಾನೆ, ಆರನೇ ಸಲಕ್ಕೆ ಸರಿ ಬರುತ್ತದೆ, ಅಷ್ಟರಲ್ಲಿ ಅರ್ಧ ಗಂಟೆ. ಅವರು "ಅಡ್ಡಡ್ಡ ಗುಣಿಸು, ಯಾವುದು ಜಾಸ್ತಿ ಬರುತ್ತೋ ಅದೇ ದೊಡ್ಡದು" ಎಂದು ಒಂದೇ ನಿಮಿಷದಲ್ಲಿ ಮುಗಿಸುತ್ತಾರೆ. ನಾನು ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತು ಹಲ್ಲು ಕಚ್ಚುತ್ತೇನೆ. ಒಳಗೆ ಹೋಗಬಾರದು ಎಂದು ಒಪ್ಪಂದ. ಒಂದು ಸಲ ತಡೆಯಲಾಗದೆ ಹೋದೆ. "ನೀನು ಸ್ಟೂಡೆಂಟ್, ಹೊರಗೆ ಹೋಗು" ಎಂದು ಮೂವರೂ ಸೇರಿ ಕಳಿಸಿದರು.

ಅಂದ ಹಾಗೆ, ಇವರು ವಾರಕ್ಕೆ ಎರಡು ಬೆಳಗ್ಗೆ ಮಕ್ಕಳ ಜೊತೆ ಕೂರುವುದನ್ನು ಕೇಳಿ "ಎಂಥ ಗಂಡ ಸಿಕ್ಕಿದ್ದಾರೆ ನಿಮಗೆ!" ಎಂದವರು ತುಂಬಾ ಜನ. ಉಳಿದ ಬೆಳಗ್ಗೆಗಳ ಬಗ್ಗೆ ಇವರಿಗೆ ಹಾಗೆ ಯಾರೂ ಹೇಳಿದ್ದು ಕೇಳಿಲ್ಲ. ಹೋಗಲಿ ಬಿಡಿ.

ಕಷ್ಟ ಬಂದದ್ದು ಅಂಕದ ವಿಷಯದಲ್ಲಿ. ಅದನ್ನು ಹೇಳಿಕೊಳ್ಳಲೆಂದೇ ಈ ಬರಹಕ್ಕೆ ಕೂತಿದ್ದು.

ನಮ್ಮ ಮನೆಯಲ್ಲಿ ಅಂಕ ಇಲ್ಲ. ಮಕ್ಕಳು ಓದುತ್ತಾರೆ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಬಿಟ್ಟುಹೋದದ್ದು ಏನು ಎಂದು ಆಗಲೇ ಇಬ್ಬರಿಗೂ ಗೊತ್ತಾಗುತ್ತದೆ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಶಾರ್ಲೆಟ್ ಮೇಸನ್ ಹೀಗೆ ಕಲಿಸುತ್ತಿದ್ದರು. ಒಂದೇ ಸಲ ಓದಿಸಿ, ಪುಸ್ತಕ ಮುಚ್ಚಿಸಿ, ಹೇಳಿಸುವುದು. ಅಂಕ ಯಾಕೆ ಬೇಡ ಎಂದು ನಾನು ನೆಂಟರಿಷ್ಟರ ಮುಂದೆ ಭಾಷಣ ಮಾಡಿದ್ದಕ್ಕೆ ಲೆಕ್ಕವಿಲ್ಲ.

ಮೊದಲ ಇಂಟರ್ನಲ್ ಟೆಸ್ಟಿನ ಅಂಕ ಬರುವ ದಿನ ಪೋರ್ಟಲ್ ಅನ್ನು ಬೆಳಗ್ಗೆಯಿಂದ ಹದಿನಾಲ್ಕು ಸಲ ನೋಡಿದೆ. ಎಣಿಸಿದ್ದು ನಾನಲ್ಲ, ಮಗಳು. ಬಂತು. ಸ್ಟಾಟಿಸ್ಟಿಕ್ಸ್, 25ಕ್ಕೆ 11. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಉತ್ತರಪತ್ರಿಕೆ ಕೈಗೆ ಬಂದ ಮೇಲೆ ಅದನ್ನು ಇಸ್ತ್ರಿ ಬಟ್ಟೆಯ ಕೆಳಗೆ ಇಟ್ಟೆ. ಮಗಳು ತನ್ನ ಬಟ್ಟೆ ಹುಡುಕುವಾಗ ಅದು ಸಿಕ್ಕಿತು.

ಅವಳು ಬುದ್ಧಿ ಹೇಳಲಿಲ್ಲ. 'ತಪ್ಪು ಎಲ್ಲಿ ಅಂತ ನೋಡು' ಎಂದು ನನ್ನ ಮಾತು ನನಗೇ ತಿರುಗಿಸುತ್ತಾಳೆ ಎಂದುಕೊಂಡಿದ್ದೆ. ಕಾಗದವನ್ನು ಮೇಜಿನ ಮೇಲೆ ಹಾಸಿ, ಕೆಂಪು ಗುರುತುಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ ಕೇಳಿದಳು. "ಅಮ್ಮ, ನಂಗೂ ಹಾಕ್ತೀಯಾ?"

"ಏನನ್ನ?"

"ಅಂಕ. ನಾನು ಎಷ್ಟಕ್ಕೆ ಎಷ್ಟು ಅಂತ ನಂಗೆ ಗೊತ್ತೇ ಇಲ್ಲ."

ಬೇಡ ಎಂದೆ. ಯಾಕೆ ಎಂದಳು. ಅಂಕಕ್ಕಾಗಿ ಬಾತ್‌ರೂಮಿನಲ್ಲಿ ಅತ್ತು ಬಂದವಳ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಹಾಗಾಗಿ ಅವಳು ಜ್ವಾಲಾಮುಖಿಯ ಬಗ್ಗೆ ಬರೆದಿದ್ದ ಎರಡು ಪುಟಕ್ಕೆ ಹತ್ತಕ್ಕೆ ಏಳು ಹಾಕಿದೆ. ಒಳ್ಳೆಯ ಬರಹವೇ. ಲಾವಾ ಯಾಕೆ ಕೆಲವು ಕಡೆ ನಿಧಾನ ಹರಿಯುತ್ತದೆ, ಕೆಲವು ಕಡೆ ಸಿಡಿಯುತ್ತದೆ ಎಂದು ತಾನೇ ಓದಿ ಬರೆದಿದ್ದಳು. ಏಳನ್ನು ನೋಡಿದಳು. "ಆ ಮೂರು ಎಲ್ಲಿ ಹೋಯ್ತು?" ಎಂದಳು. ಮೂರು ಎಲ್ಲೂ ಹೋಗಿರಲಿಲ್ಲ. ಹತ್ತಕ್ಕೆ ಹತ್ತು ಹಾಕಲು ನನಗೆ ಧೈರ್ಯ ಸಾಲಲಿಲ್ಲ, ಅಷ್ಟೇ. ಅದನ್ನು ಹೇಳದೆ ಏನೋ ಕಾರಣ ಹುಟ್ಟಿಸಿದೆ. ಕಾಗುಣಿತ, ಅಕ್ಷರ, ಚಿತ್ರ ಇನ್ನೂ ದೊಡ್ಡದಿರಬಹುದಿತ್ತು, ಹೀಗೆ.

ಮುಂದಿನ ವಾರದ ಬರಹದಲ್ಲಿ ಕಾಗುಣಿತ ತಪ್ಪಿರಲಿಲ್ಲ. ಚಿತ್ರ ದೊಡ್ಡದಿತ್ತು. ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ. ಮೊದಲೆಲ್ಲ ಅಂಚಿನಲ್ಲಿ 'ಇದು ಯಾಕೆ ಹೀಗೆ?' ಎಂದು ಬರೆಯುತ್ತಿದ್ದಳು. ಬರೆದು ತಂದು ಕೊಟ್ಟು "ಇಷ್ಟು ಸಾಕಾ?" ಎಂದು ಕೇಳಿದಳು. ಹನ್ನೆರಡು ವರ್ಷದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಅವಳಿಗೆ ಇದನ್ನು ಯಾರೂ ಹೊರಗಿನಿಂದ ಅಂಟಿಸಲಿಲ್ಲ. ನಾನೇ ಮನೆಗೆ ತಂದೆ, ನನ್ನ ಕಾಲೇಜಿನ ಬ್ಯಾಗಿನಲ್ಲಿ. ಅದನ್ನು ಹೊರಗೆ ಹಾಕುವುದು ಹೇಗೆ ಎಂದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಸದ್ಯಕ್ಕೆ ತಿಂಗಳಿಗೆ ಒಂದು ಟೆಸ್ಟ್. ಪ್ರಶ್ನೆಪತ್ರಿಕೆ ಅವಳೇ ಮಾಡುತ್ತಾಳೆ, ಉತ್ತರ ನಾವಿಬ್ಬರೂ ಬರೆಯುತ್ತೇವೆ, ಇಬ್ಬರ ಉತ್ತರಕ್ಕೂ ಅವಳೇ ಅಂಕ ಹಾಕುತ್ತಾಳೆ. ಅವಳ ಪ್ರಕಾರ ನಾನು 20ಕ್ಕೆ 13ರ ಆಸುಪಾಸಿನ ವಿದ್ಯಾರ್ಥಿನಿ. ಅಂಕ ಹಾಕುವುದು ಎಷ್ಟು ಕಷ್ಟ ಎಂದು ಅವಳೇ ಗೊಣಗುತ್ತಾಳೆ. ಉಳಿದ ದಿನ ಅಂಚಿನಲ್ಲಿ ಪ್ರಶ್ನೆಗಳು ನಿಧಾನವಾಗಿ ವಾಪಸ್ ಬರುತ್ತಿವೆ, ಆದರೆ ಮೊದಲಿನಷ್ಟು ಇಲ್ಲ.

ಮನೆಯಲ್ಲಿ ಓದಿಸುವವರು ಗೌರವದಿಂದ ಹೆಸರು ಹೇಳುವ ಜಾನ್ ಹೋಲ್ಟ್ ನಲವತ್ತರ ವಯಸ್ಸಿನಲ್ಲಿ ಚೆಲ್ಲೋ ನುಡಿಸಲು ಕಲಿಯಲು ಕೂತವರು. ಆ ವಯಸ್ಸಲ್ಲಿ ಕಲಿಯುವುದನ್ನು ನಾನು ಮೆಚ್ಚುತ್ತೇನೆ. ಆದರೆ ಚೆಲ್ಲೋಗೆ ಪೋರ್ಟಲ್ ಇರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಗುತ್ತದೆ.

ಇನ್ನು ಸ್ಟಾಟಿಸ್ಟಿಕ್ಸ್. 14 ವರ್ಷದ ಹಿಂದೆ ಸ್ಟ್ಯಾಂಡರ್ಡ್ ಡೀವಿಯೇಷನ್ ಕಲಿಯಲು ನನಗೆ ಎರಡು ವಾರ ಹಿಡಿದಿತ್ತು. ಈಗ ಪುಸ್ತಕ ತೆರೆದರೆ ಏನೂ ನೆನಪಿಲ್ಲ, ಪೂರ್ತಿ ಖಾಲಿ. ಹನ್ನೊಂದು ಅಂಕ ಬಂದ ಮೇಲೆ ಮತ್ತೆ ಮೊದಲಿನಿಂದ ಕೂತೆ. ಮೂರು ಸಂಜೆಗೆ ಬಂದುಬಿಟ್ಟಿತು. ಯಾಕೆ ಎಂದು ಗೊತ್ತಾಗಿದ್ದು ನೆನಪಿನ ಪಾಠದಲ್ಲಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವೇ ಇಲ್ಲದ ಪದಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಅದನ್ನು 1885ರಲ್ಲಿ ಪ್ರಕಟಿಸಿದ. ಎಲ್ಲರೂ ಅವನ ಹೆಸರು ಹೇಳುವುದು ಎಷ್ಟು ಬೇಗ ಮರೆಯುತ್ತೇವೆ ಎಂಬುದಕ್ಕೆ. ಆದರೆ ಅವನು ಅಳೆದದ್ದು ಎರಡನೇ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದನ್ನು. ಅದಕ್ಕೆ 'ಉಳಿತಾಯ' ಎಂದೇ ಹೆಸರು. ಒಂದು ದಿನ ಬಿಟ್ಟು ಕಲಿತರೆ ಮೂರನೇ ಒಂದು ಭಾಗದಷ್ಟು ಉಳಿತಾಯ. 31 ದಿನ ಬಿಟ್ಟರೂ ನೂರಕ್ಕೆ 21ರಷ್ಟು. ಪೂರ್ತಿ ಮರೆತೆ ಅಂದುಕೊಂಡದ್ದು ಪೂರ್ತಿ ಹೋಗಿರುವುದಿಲ್ಲ.

ಇದನ್ನು ಮಕ್ಕಳಿಗೆ ಹೇಳಿದೆ. ಹೇಳಬಾರದಿತ್ತು. ಆ ದಿನವೇ ಪ್ರಯೋಗ ಶುರು. ಮಗ 13 ಪದ ಹುಟ್ಟಿಸಿದ. ಝುಪ್, ಟೀಗ್, ಮೋಖ್, ಲಡ್ಸ್, ಹೀಗೆ. ಮಗಳು ಸ್ಟಾಪ್‌ವಾಚ್ ಹಿಡಿದಳು. ತಪ್ಪಿಲ್ಲದೆ ಒಂದು ಸಲ ಹೇಳಲು ನನಗೆ 14 ನಿಮಿಷ ಬೇಕಾಯಿತು. ಕ್ಯಾಲೆಂಡರಿನಲ್ಲಿ 31 ದಿನ ಎಣಿಸಿ ಗುರುತು ಹಾಕಿದರು.

ಮೊನ್ನೆ ಆ ದಿನ ಬಂತು. ನೆನಪಿದ್ದದ್ದು ನಾಲ್ಕೇ ಪದ. ಮತ್ತೆ ಕೂತೆ, 10 ನಿಮಿಷಕ್ಕೆ ಬಂತು. ಮಗಳು ಲೆಕ್ಕ ಹಾಕಿದಳು. 14ರಲ್ಲಿ 4 ಉಳಿತಾಯ, ನೂರಕ್ಕೆ ಸುಮಾರು 29. "ಅಮ್ಮ, ನೀನು ಅವನಿಗಿಂತ ಜಾಸ್ತಿ!" ನನಗೆ ನಿಜಕ್ಕೂ ಎದೆ ಉಬ್ಬಿತು. ಆ ಕಾಲಂನಲ್ಲಿ ಇದನ್ನೇ ಬರೆಯಬೇಕಿತ್ತು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಮಗ ಅಡುಗೆಮನೆಯಿಂದ ಕೂಗಿದ. "ಝುಪ್! ಬಾ ಇಲ್ಲಿ, ಝುಪ್!" ಬೆಕ್ಕು ಓಡಿಹೋಯಿತು.

ಮಗಳು ತಿರುಗಿ ನೋಡಿದಳು. "ಅದಕ್ಕೆ ಯಾವಾಗಿಂದ ಝುಪ್ ಅಂತಿದೀಯ?"

"ಅವತ್ತಿಂದ. ಅದರ ಬಾಲಕ್ಕೆ ಟೀಗ್ ಅಂತ ಹೆಸರು."

ಅಂದರೆ ನಾನು ಒಂದು ತಿಂಗಳು ದಿನಾ ಹತ್ತು ಸಲ ಪಟ್ಟಿಯ ಎರಡು ಪದ ಕೇಳುತ್ತಲೇ ಇದ್ದೆ. ಮಗಳು ಪುಸ್ತಕದಲ್ಲಿ ಬರೆದಿದ್ದ 29ನ್ನು ಒಂದು ಗೆರೆ ಎಳೆದು ಹೊಡೆದುಹಾಕಿದಳು. "ಇದು ಲೆಕ್ಕಕ್ಕಿಲ್ಲ. ಹೊಸ ಪಟ್ಟಿ ಮಾಡೋಣ. ಬೆಕ್ಕು ಹೊರಗೆ, ಇವನೂ ಹೊರಗೆ" ಎಂದಳು. ಆಮೇಲೆ ಆ ಗೆರೆಯ ಪಕ್ಕ, ಅಂಚಿನಲ್ಲಿ, ಏನೋ ಸಣ್ಣದಾಗಿ ಬರೆಯತೊಡಗಿದಳು. ನಾನು ಬಗ್ಗಿ ನೋಡಲು ಹೋದರೆ ಕೈ ಅಡ್ಡ ಇಟ್ಟಳು.